ಓವರ್‌ಕ್ಲಾಕ್ ಆದ ಜಾತಕ

ನಮ್ಮ ಅಕ್ಕ ನಾಲ್ಕು ಗಂಡುಗಳನ್ನು ಬೇಡ ಎಂದವಳು. ಐದನೆಯವರಿಗೆ "ಆಗಬಹುದು" ಎಂದಳು. ಗುಬ್ಬಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ, ಇಪ್ಪತ್ತೆಂಟು ತುಂಬಿದ ಮಗಳ ಬಾಯಿಂದ ಈ ಒಂದು ಪದ ಉದುರಿದಾಗ ನಮ್ಮಮ್ಮ ಒಲೆಯ ಮೇಲಿದ್ದ ಹಾಲನ್ನು ಮರೆತು ದೇವರ ಮನೆಗೆ ಓಡಿದರು. ಹಾಲು ಉಕ್ಕಿ ಚೆಲ್ಲಿತು. ಅದನ್ನೂ ಶುಭಶಕುನದ ಖಾತೆಗೇ ಹಾಕಿಕೊಂಡರು.

ಐದನೆಯವರು ಹುಲಿಯೂರುದುರ್ಗದವರು, ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕರು. ಹೆಣ್ಣು ನೋಡಲು ಬಂದವರು ಹಾಡು ಬರುತ್ತಾ, ಅಡುಗೆ ಬರುತ್ತಾ ಎಂದು ವಿಚಾರಿಸುವುದು ಬಿಟ್ಟು, ಹತ್ತನೇ ಕ್ಲಾಸಿನ ಮಕ್ಕಳಿಗೆ ತ್ರಿಕೋನಮಿತಿ ಎಲ್ಲಿಂದ ಶುರು ಮಾಡ್ತೀರಿ ಎಂದು ಕೇಳಿದರು. ಸ್ಕೂಲಿನ ಧ್ವಜಸ್ತಂಭದ ನೆರಳಿನಿಂದ ಎಂದಳು ಅಕ್ಕ. ಕೇಸರಿಬಾತು ತಣ್ಣಗಾಗಿ ತಟ್ಟೆಗೆ ಅಂಟಿಕೊಳ್ಳುವವರೆಗೂ ಇಬ್ಬರೂ ಕೂತು ನೆರಳು ಅಳೆದರು. ಇಂಥ ಪ್ರಣಯ ನನ್ನ ಶತ್ರುವಿಗೂ ಬೇಡ ಎಂದುಕೊಂಡೆ. ಆದರೆ ಅವತ್ತು ಸಂಜೆ ಪಾತ್ರೆ ತೊಳೆಯುತ್ತಾ ಅಕ್ಕ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು. ಅವಳು ಹಾಡಿದ್ದನ್ನು ನಾನು ವರ್ಷಗಳಿಂದ ಕೇಳಿರಲಿಲ್ಲ.

ಇನ್ನು ಉಳಿದದ್ದು ಜಾತಕ ಒಂದೇ. ಅದಕ್ಕೆ ಕುಣಿಗಲ್ಲಿನಲ್ಲಿ ನಮ್ಮ ಸೋದರಮಾವ ಇದ್ದರು.

ಮಾವ ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ "ಕಂಪ್ಯೂಟರ್ ಜಾತಕ" ಎಂದು ಬೋರ್ಡು ಬರೆಸಿ ಕೂತಿದ್ದರು. ಗ್ರಹಗಳ ಬಗ್ಗೆ ಅವರಿಗೆ ಗೊತ್ತಿದ್ದದ್ದು ಕಂಪ್ಯೂಟರಿನ ಬಗ್ಗೆ ಗೊತ್ತಿದ್ದಷ್ಟೇ. ಕಂಪ್ಯೂಟರಿನ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ಹುಟ್ಟಿದ ದಿನ, ಗಳಿಗೆ, ಊರು ಒತ್ತಿದರೆ ಸಾಕು, ಮಿಕ್ಕಿದ್ದನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತಿತ್ತು. ನಲವತ್ತು ಪುಟ ಹೊರಗೆ ಬರುತ್ತಿತ್ತು. ಆ ಕಾಲಕ್ಕೆ ನಮ್ಮ ಜನಕ್ಕೆ ಪಂಚಾಂಗ ನೋಡುವ ಜೋಯಿಸರ ಮೇಲೆ ನಂಬಿಕೆ ಹೋಗಿ, ಅದೇ ಪಂಚಾಂಗವನ್ನು ಹೊಟ್ಟೆಯೊಳಗೆ ಇಟ್ಟುಕೊಂಡ ಪೆಟ್ಟಿಗೆಯ ಮೇಲೆ ನಂಬಿಕೆ ಬಂದಿತ್ತು. ಜೋಯಿಸರು ಯಾರ ಕಡೆಯವರಾದರೂ ಆಗಿರಬಹುದು, ಪೆಟ್ಟಿಗೆ ಯಾರ ಕಡೆಯದೂ ಅಲ್ಲವಂತೆ.

ಆ ಪೆಟ್ಟಿಗೆಯನ್ನು ಜೋಡಿಸಿಕೊಟ್ಟವನು ನಾನು. ಡಿಪ್ಲೊಮಾ ಮುಗಿಸಿ ತುಮಕೂರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸ್ಕ್ರೂಡ್ರೈವರ್ ಹಿಡಿದಿದ್ದೆ. ಮಾಡಿದ ಕೆಲಸವನ್ನು ಅಷ್ಟಕ್ಕೇ ಬಿಟ್ಟಿದ್ದರೆ ಈ ಬರಹವೇ ಬೇಕಿರಲಿಲ್ಲ. ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಹಾಗೆ ನಾನು ಅದನ್ನು ಓವರ್‌ಕ್ಲಾಕ್ ಮಾಡಿದೆ. ಅಂದರೆ, ಸಾವಿರ ಮೆಗಾಹರ್ಟ್ಸ್ ವೇಗದಲ್ಲಿ ಓಡಲು ಹುಟ್ಟಿದ ಪ್ರೊಸೆಸರನ್ನು ಮದರ್‌ಬೋರ್ಡಿನ ಸೆಟಪ್ಪಿಗೆ ಹೋಗಿ ಸಾವಿರದ ಮುನ್ನೂರ ಮೂವತ್ತಮೂರಕ್ಕೆ ಏರಿಸಿದೆ. ಯಾಕೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಒಂದು ಜಾತಕದ ಲೆಕ್ಕ ಹತ್ತು ಸೆಕೆಂಡು ಮೊದಲೇ ಮುಗಿಯುತ್ತಿತ್ತು. ಮುಗಿಸಿದ ಮೇಲೆ, ಆ ನಲವತ್ತು ಪುಟವನ್ನು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಕರ್ ಕರ್ ಎಂದು ಅರ್ಧ ಗಂಟೆ ಕೊರೆಯುವುದನ್ನು ಕಾಯುತ್ತಾ ಕೂರುತ್ತಿತ್ತು.

ಮೈ ಬಿಸಿಯೇರುತ್ತದೆಂದು ಕ್ಯಾಬಿನೆಟ್ಟಿನ ಒಂದು ಮಗ್ಗುಲಿನ ತಗಡು ಬಿಚ್ಚಿಟ್ಟು ಟೇಬಲ್ ಫ್ಯಾನ್ ತಿರುಗಿಸಿದ್ದೆ. ಬೇಸಿಗೆಯಲ್ಲಿ ಮಾವ ಬೆವರು ಸುರಿಸಿಕೊಂಡು ಕೂರುತ್ತಿದ್ದರು, ಗಾಳಿ ಕಂಪ್ಯೂಟರಿಗೆ. ಇಷ್ಟು ಸೇವೆ ಮಾಡಿಸಿಕೊಂಡರೂ ಅದು ತನಗೆ ಮನಸ್ಸಾದ ದಿನ ಮಾತ್ರ ಬೂಟ್ ಆಗುತ್ತಿತ್ತು. ಮನಸ್ಸಿಲ್ಲದ ದಿನ ದೀಪ ಉರಿಯುತ್ತಿತ್ತು, ಒಳಗಿನ ಫ್ಯಾನ್ ತಿರುಗುತ್ತಿತ್ತು, ಮಾನಿಟರ್ ಮಾತ್ರ ಕಪ್ಪಗೆ ಕೂತಿರುತ್ತಿತ್ತು. ಆಗ ನಾನು ತುಮಕೂರಿನಿಂದ ಬಸ್ ಹತ್ತಿ ಬರಬೇಕು. ಬಂದು ರ‍್ಯಾಮ್ ಕಿತ್ತು ಅದರ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಬೇಕು. ಅದಕ್ಕೂ ಜಗ್ಗದಿದ್ದರೆ ಬೋರ್ಡಿನ ಮೇಲಿನ ಬಿಲ್ಲೆಯಂಥ ಬ್ಯಾಟರಿಯನ್ನು ತೆಗೆದು ಐದು ನಿಮಿಷ ಬಿಡಬೇಕು. ಬೋರ್ಡು ನಾನು ಕಲಿಸಿದ್ದನ್ನೆಲ್ಲ ಮರೆತು ಹುಟ್ಟುಬುದ್ಧಿಗೆ ಮರಳಿ ತೆಪ್ಪಗೆ ಬೂಟ್ ಆಗುತ್ತಿತ್ತು. ಹಾಗೆ ಮರೆಯುವುದರಲ್ಲಿ ಅವತ್ತಿನ ತಾರೀಕೂ ಸೇರಿತ್ತು, ಅದನ್ನು ನಾವೇ ಮತ್ತೆ ತುಂಬಬೇಕಿತ್ತು. ಬುದ್ಧಿ ಇದ್ದವನು ವೇಗವನ್ನು ಅಲ್ಲಿಗೇ ಬಿಟ್ಟು ಮನೆಗೆ ಹೋಗುತ್ತಿದ್ದ. ನಾನು ಪ್ರತಿ ಸಲವೂ ಮತ್ತೆ ಸಾವಿರದ ಮುನ್ನೂರ ಮೂವತ್ತಮೂರಕ್ಕೆ ಏರಿಸಿಯೇ ಹೋಗುತ್ತಿದ್ದೆ.

ಮಾಘ ಮಾಸದ ಒಂದು ಭಾನುವಾರ ಬೆಳಗ್ಗೆ ಮಾವನ ಫೋನ್ ಬಂತು.

"ಬಾರ್ಲಾ ಬೇಗ, ಮಿಷನ್ ಕಣ್ಣೇ ಬುಡ್ತಿಲ್ಲ. ದುರ್ಗದೋರು ಬಂದ್ ಕೂತವ್ರೆ."

ಹೋದಾಗ ಗಂಡಿನ ತಂದೆ ಅಂಗಡಿಯ ಬೆಂಚಿನ ಮೇಲೆ ಛತ್ರಿ ಊರಿಕೊಂಡು ಕೂತಿದ್ದರು. ಕಂದಾಯ ಇಲಾಖೆಯಲ್ಲಿದ್ದು ನಿವೃತ್ತರಾದವರು. ಇದು ಹೆಣ್ಣಿನ ಸೋದರಮಾವನ ಅಂಗಡಿ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಬಂದಿದ್ದರು.

"ಮನುಷ್ಯರಿಗಾದ್ರೆ ನೆಂಟ್ರು ಇಷ್ಟ್ರು ಅಂತ ಇರ್ತಾರೆ," ಎಂದರು. "ಮಿಷನ್‌ಗೆ ಯಾರಿದಾರೆ ಹೇಳಿ? ಅದ್ ಹೇಳಿದ್ದೇ ಫೈನಲ್."

ಮುಂದೆ ಬೀಗರಾಗುವವರು ನೋಡುತ್ತಿದ್ದಾರೆ ಎಂದರೆ ಕೈಗೆ ಒಂದು ಠೀವಿ ಬರುತ್ತದೆ. ನಾನು ಆಪರೇಷನ್ ಮಾಡುವ ಡಾಕ್ಟರನಂತೆ ತೋಳು ಮಡಿಸಿ, ರ‍್ಯಾಮ್ ಕಿತ್ತು ಉಜ್ಜಿದೆ. ಆಗಲಿಲ್ಲ. ಬ್ಯಾಟರಿ ತೆಗೆದೆ, ಅಂಗಿಗೆ ಒರೆಸಿದೆ, ಐದು ನಿಮಿಷ ಎಲ್ಲರೂ ಉಸಿರು ಬಿಗಿಹಿಡಿದರು, ಹಾಕಿದೆ. ಬೀಪ್ ಎಂದು ಮಾನಿಟರ್ ಬೆಳಗಿತು. "ಪರ್ವಾಗಿಲ್ಲ, ಹುಡುಗ ಚುರುಕಾಗಿದಾನೆ" ಎಂದು ಗಂಡಿನ ತಂದೆ ಮೆಚ್ಚಿದರು. ಆ ಮೆಚ್ಚುಗೆಯಲ್ಲಿ ತೇಲುತ್ತಾ ಸೆಟಪ್ಪಿನ ಮೊದಲ ಪುಟವನ್ನು ದಾಟಿ ನೇರ ಮೂರನೆಯ ಪುಟಕ್ಕೆ ಹೋದೆ. ಮೊದಲ ಪುಟದಲ್ಲಿ ಇರುವುದು ತಾರೀಕು. ಮೂರನೆಯದರಲ್ಲಿ ವೇಗ.

ವೇಗವನ್ನು ಸರಿಯಾಗಿಯೇ ತುಂಬಿದೆ.

ಜಾತಕ ಬಂತು. ಮೂವತ್ತಾರಕ್ಕೆ ಇಪ್ಪತ್ತಾರು ಗುಣ ಕೂಡಿತ್ತು, ಡಿಪ್ಲೊಮಾದಲ್ಲಿ ನನಗೆ ಬಂದದ್ದಕ್ಕಿಂತ ಒಳ್ಳೆಯ ಪರ್ಸೆಂಟೇಜು. ಗಂಡಿನ ತಂದೆ ಕಟ್ಟನ್ನು ಪಂಚೆಯ ಅಂಚಿನಿಂದ ಒರೆಸಿ ಕಂಕುಳಲ್ಲಿಟ್ಟುಕೊಂಡು, ನಗುನಗುತ್ತಾ ಬಸ್ ಹತ್ತಿದರು. ಮಾವ ನನಗೆ ಮಸಾಲೆ ದೋಸೆ ಕೊಡಿಸಿದರು.

ನಾಲ್ಕು ದಿನ ಬಿಟ್ಟು ಅಕ್ಕನ ಫೋಟೋ ಕವರಿನಲ್ಲಿ ವಾಪಸ್ ಬಂತು, ಜೊತೆಗೆ ಜಾತಕದ ಕಟ್ಟೂ ಬಂತು. ಕೊನೆಯ ಪುಟದಲ್ಲಿ ಒಂದು ಸಾಲಿನ ಕೆಳಗೆ ಹಸಿರು ಇಂಕಿನಲ್ಲಿ ಗೆರೆ ಎಳೆದಿದ್ದರು. ಕನ್ಯಾ ರಾಶಿಯ ಹೆಣ್ಣಿಗೆ ಸದ್ಯ ಅಷ್ಟಮ ಶನಿ ನಡೆಯುತ್ತಿದೆ, ಕುಟುಂಬದ ಹಿರಿಯರ ಆರೋಗ್ಯಕ್ಕೆ ಕಷ್ಟ. ಕುಟುಂಬದ ಹಿರಿಯರು ಎಂದರೆ ತಾವೇ ಎಂದು ಆ ಹಿರಿಯರು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದರು.

ಅಮ್ಮ ಅತ್ತರು. ನಾನು ಶನಿಯನ್ನು ಬೈದೆ. ಅಕ್ಕ ಅಳಲೂ ಇಲ್ಲ, ಬೈಯಲೂ ಇಲ್ಲ, ನಲವತ್ತು ಪುಟವನ್ನೂ ಮೊದಲಿನಿಂದ ಓದಲು ಕೂತಳು. ಅಷ್ಟು ಹೊತ್ತಿಗೆ ಆ ಕಾಗದವನ್ನು ಗಂಡಿನ ತಂದೆ, ಮಾವ, ನಾನು ಎಲ್ಲರೂ ತಿರುವಿ ಹಾಕಿದ್ದೆವು.

"ಬಾರೋ ಇಲ್ಲಿ," ಎಂದಳು. "ಪ್ರಸ್ತುತ ವಯಸ್ಸು ಇಪ್ಪತ್ತೆರಡು ವರ್ಷ ಏಳು ತಿಂಗಳು ಹನ್ನೊಂದು ದಿನ ಅಂತ ಇದೆಯಲ್ಲ."

"ಇರ್ಲಿ ಬುಡೇ, ಕಮ್ಮಿ ಇದ್ರೆ ಒಳ್ಳೇದೇ," ಎಂದರು ಅಮ್ಮ ಮೂಗೊರೆಸಿಕೊಳ್ಳುತ್ತಾ.

"ಹುಟ್ಟಿದ ತಾರೀಕು ಸರಿಯಾಗೇ ಇದೆ. ಹಂಗಾದ್ರೆ ಇದು ಯಾವತ್ತನ್ನ ಇವತ್ತು ಅಂದ್ಕೊಂಡಿದೆ?" ಅಕ್ಕ ಕಾಗದದ ಅಂಚಿನಲ್ಲಿಯೇ ಕಳೆದು ಕೂಡಿ ನೋಡಿದಳು. "ಎರಡು ಸಾವಿರದ ಇಸವಿ, ಜನವರಿ ಒಂದು."

ಬ್ಯಾಟರಿ ತೆಗೆದಾಗ ಬೋರ್ಡು ವಾಪಸ್ ಹೋಗುತ್ತಿದ್ದ ದಿನ ಅದೇ. ಆ ಜನವರಿಯಲ್ಲಿ ಶನಿ ಅಕ್ಕನ ರಾಶಿಗೆ ಎಂಟನೆಯ ಮನೆಯಲ್ಲಿದ್ದದ್ದು ನಿಜವೇ. ಆದರೆ ಆರು ವರ್ಷಗಳಲ್ಲಿ ಶನಿಯಂಥ ಶನಿಯೂ ನಡೆದು ಹನ್ನೊಂದನೆಯ ಮನೆಗೆ ಬಂದಿದ್ದ. ಇಡೀ ಸೌರಮಂಡಲದಲ್ಲಿ ನಿಂತಲ್ಲೇ ನಿಂತದ್ದು ನಾನು ವೇಗ ಹೆಚ್ಚಿಸಿದ ಕಂಪ್ಯೂಟರ್ ಒಂದೇ.

ಮರುದಿನವೇ ಕುಣಿಗಲ್ಲಿಗೆ ಓಡಿದೆ. ವೇಗ ಇಳಿಸಿದೆ, ತಾರೀಕು ತುಂಬಿದೆ. ಮಾವ ತಲೆಯ ಮೇಲೆ ಕೈ ಹೊತ್ತು ಕೂತರು.

"ಮೂವತ್ತೊಂದು ವರ್ಷ ದಿನಾ ಬೆಳಗ್ಗೆ ಸೀಲಿನ ತಾರೀಕ್ ತಿರುಗಿಸ್ದೋನು ಕಣ್ಲಾ ನಾನು. ಒಂದ್ ದಿನಾನೂ ತಪ್ಪಿಸ್ಲಿಲ್ಲ."

ಅವರ ತಲೆಯ ಮೇಲೆ, ಮೊಳೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಅವತ್ತಿನ ತಾರೀಕೂ ಇತ್ತು, ಶನಿ ಎಲ್ಲಿದ್ದಾನೆ ಎಂಬುದೂ ಇತ್ತು. ನಡುವಿನ ಐದು ದಿನದಲ್ಲಿ ಇನ್ನೂ ಒಂಬತ್ತು ಜನರ ಜಾತಕ ಅದೇ ಹಳೆಯ ಜನವರಿಯಲ್ಲಿ ಅಚ್ಚಾಗಿ ಹೋಗಿತ್ತು. ಯಾರೊಬ್ಬರೂ ದೂರು ತರಲಿಲ್ಲ. ಎಲ್ಲರಿಗೂ ಭವಿಷ್ಯ ಕರಾರುವಾಕ್ಕಾಗಿ ಹೊಂದಿಕೊಂಡಿರಬೇಕು. ಹೊಸ ಪ್ರಿಂಟಿನಲ್ಲಿ ಅಕ್ಕನಿಗೆ ಏಕಾದಶ ಶನಿ ಬಂದ, ಸಕಲ ಕಾರ್ಯ ಸಿದ್ಧಿ, ವಿವಾಹಕ್ಕೆ ಪ್ರಶಸ್ತ ಕಾಲ.

ಭಾನುವಾರ ಹಳೆಯದು, ಹೊಸದು ಎರಡೂ ಕಟ್ಟು ಹಿಡಿದು ಹುಲಿಯೂರುದುರ್ಗಕ್ಕೆ ಹೋದೆ. ಉಪನ್ಯಾಸಕರು ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದರು. ಅವರ ತಂದೆ ನನ್ನ ವಿವರಣೆಯನ್ನು ಪೂರ್ತಿ ಕೇಳಿಸಿಕೊಂಡರು. ಮದರ್‌ಬೋರ್ಡು, ಬ್ಯಾಟರಿ, ಓವರ್‌ಕ್ಲಾಕ್, ಮೊದಲನೆಯ ಪುಟ, ಮೂರನೆಯ ಪುಟ, ಎಲ್ಲವನ್ನೂ ಹೇಳಿದೆ.

"ನೋಡಪ್ಪ," ಎಂದರು ಅವರು, ಬಹಳ ಸಮಾಧಾನವಾಗಿ. "ನಾನು ರೆವಿನ್ಯೂನಲ್ಲಿ ಇದ್ದೋನು. ಆರ್ಡರ್ ಆದ್ಮೇಲೆ ಬರೋ ಕಾಗದ ಎಂಥದು ಅಂತ ನಂಗೆ ಗೊತ್ತು. ಮೊದಲನೇದು ನನ್ ಕಣ್ಣೆದುರಿಗೇ ಬಂತು, ನಿಮಗೆ ನಷ್ಟ ಆಗೋ ಹಂಗೆ ಬಂತು. ಅದಕ್ಕೇ ಅದು ನಿಜ. ಇದು ಹೆಣ್ಣಿನ ತಮ್ಮ ತಂದಿರೋದು."

"ಇನ್ನೊಂದ್ಸಲ ಬನ್ನಿ ಸರ್, ನಿಮ್ಮೆದುರಿಗೇ ತೆಗೀತೀನಿ."

"ಮಿಷನ್ ನೀನ್ ಹೇಳ್ದಂಗೆ ಕೇಳುತ್ತೆ ಅಂತ ಈಗ ತಾನೇ ನೀನೇ ಹೇಳ್ದಲ್ಲಪ್ಪ."

"ಹೋಗ್ಲಿ, ನಿಮ್ಮ ಮನೆ ಪಂಚಾಂಗಾನೇ ನೋಡಿ ಸರ್, ಶನಿ ಎಲ್ಲಿದಾನೆ ಅಂತ."

"ಪಂಚಾಂಗ ನೋಡೋ ಹಂಗಿದ್ರೆ ಕಂಪ್ಯೂಟರ್ ಹತ್ರ ಯಾಕ್ ಬರ್ತಿದ್ದೆ?"

ಉಪನ್ಯಾಸಕರು ಎದ್ದು ಬಂದು ಎರಡೂ ಕಟ್ಟು ನೋಡಿದರು. "ಅಪ್ಪ, ಎರಡರಲ್ಲೂ ಹುಟ್ಟಿದ ತಾರೀಕು ಒಂದೇ ಇದೆ. ವಯಸ್ಸು ಮಾತ್ರ..." ಎಂದು ಶುರು ಮಾಡಿದರು.

"ಅದನ್ನೇ ನಾನೂ ಹೇಳ್ತಿರೋದು. ವಾರದಲ್ಲಿ ಆರು ವರ್ಷ ಏರಿದೆ. ನೀನ್ ಸುಮ್ನಿರು."

ಅವರು ಎರಡೂ ಕಟ್ಟನ್ನು ಮಡಿಸಿ ನನ್ನ ಕೈಗೆ ವಾಪಸ್ ಕೊಟ್ಟರು. ನೂರು ಮಕ್ಕಳಿಗೆ ನ್ಯೂಟನ್ನನ ನಿಯಮ ಬಿಡಿಸಿ ಹೇಳುವ ಗಂಟಲು ಅಲ್ಲಿಗೇ ನಿಂತಿತು. ನನಗೆ ಅವರ ಮೇಲೆ ಸಿಟ್ಟು ಬಂತು, ಆದರೆ ಸಿಟ್ಟು ಮಾಡುವ ಹಕ್ಕು ನನಗೇನಿದೆ ಎಂದೂ ಗೊತ್ತಿತ್ತು.

ಬಸ್ ಸ್ಟ್ಯಾಂಡಿನವರೆಗೆ ಅವರೇ ನಡೆದುಕೊಂಡು ಬಂದರು. ಟೀ ಹೇಳಿದರು. ಲೋಟ ಕೈಗೆ ಬಂದ ಮೇಲೆ, "ಎಷ್ಟಕ್ಕೆ ಓವರ್‌ಕ್ಲಾಕ್ ಮಾಡಿದ್ರಿ?" ಎಂದು ಕೇಳಿದರು.

"ಸಾವಿರದ ಮುನ್ನೂರ ಮೂವತ್ಮೂರು ಸರ್."

"ಕೂಲಿಂಗ್?"

"ಟೇಬಲ್ ಫ್ಯಾನು."

ಅವರು ನಕ್ಕರು. ನಾನೂ ನಕ್ಕೆ. ಈಗ ನೆನೆಸಿಕೊಂಡರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ, ಆದರೆ ಬಸ್ ಬರುವ ತನಕ ಆ ಇಪ್ಪತ್ತು ನಿಮಿಷ ನಾನು ಅವರಿಗೆ ನನ್ನ ಸಾಹಸವನ್ನು ಖುಷಿಯಿಂದ ಹೇಳಿದೆ. ಕೇಳುವವರು ಸಿಕ್ಕಿದ್ದೇ ಅಪರೂಪವಾಗಿತ್ತು. ಇಂಥ ಭಾವ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಹೊಟ್ಟೆ ಉರಿಯಿತು.

ಬಸ್ಸು ಬಂದಾಗ, "ನಿಮ್ಮ ಮಾತು ನಿಜ ಅಂತ ನಂಗೆ ಗೊತ್ತು. ಅಪ್ಪನ್ನ ಎದುರು ಹಾಕ್ಕೊಳಕ್ಕೆ ಆಗಲ್ಲ," ಎಂದರು.

ಗುಬ್ಬಿಗೆ ಬಂದಾಗ ಸಂಜೆಯಾಗಿತ್ತು. ಅಕ್ಕ ಜಗುಲಿಯ ಮೇಲೆ ಟೆಸ್ಟ್ ಪೇಪರ್ ತಿದ್ದುತ್ತಿದ್ದಳು. ಮೆಟ್ಟಿಲ ಮೇಲೆ ಕೂತು, ಹುಲಿಯೂರುದುರ್ಗದಲ್ಲಿ ಆದದ್ದನ್ನು ಹೇಳಿದೆ. ಹೇಳುತ್ತಾ ಹೇಳುತ್ತಾ ಮತ್ತೆ ಬ್ಯಾಟರಿ, ಸೆಟಪ್ಪು ಎಂದು ವಿವರಿಸತೊಡಗಿದೆ. ಅವಳು ಒಂದು ಪೇಪರಿನ ಅಂಕ ಕೂಡಿ, ಮೇಲೆ ಬರೆದು, ಸುತ್ತು ಹಾಕಿದಳು.

"ಅದನ್ನ ಫಾಸ್ಟ್ ಮಾಡಿದ್ಯಲ್ಲ, ಒಂದು ಜಾತಕಕ್ಕೆ ಎಷ್ಟು ಹೊತ್ತು ಉಳೀತಿತ್ತು?"

"ಹತ್ತು ಸೆಕೆಂಡು."

ಅವಳು ತಲೆಯಾಡಿಸಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮಾವನಿಗೆ, ಅಮ್ಮನಿಗೆ, ಗಂಡಿನ ಮನೆಯವರಿಗೆ, ವಾರವಿಡೀ ಸಿಕ್ಕವರಿಗೆಲ್ಲ ಬೋರ್ಡು ಏನು ಮಾಡಿತು ಎಂದೇ ಹೇಳಿಕೊಂಡು ತಿರುಗಿದ್ದೆ.

"ತಪ್ಪಾಯ್ತು ಅಕ್ಕ," ಎಂದೆ.

ಅಕ್ಕ ಕೆಂಪು ಪೆನ್ನಿಗೆ ಕ್ಯಾಪ್ ಹಾಕಿ ಪೇಪರಿನ ಕಟ್ಟಿನ ಮೇಲಿಟ್ಟಳು.

"ನಂಗೆ ಅವರು ಇಷ್ಟ ಆಗಿದ್ರು ಕಣೋ," ಎಂದಳು.