ಜಯಮ್ಮ ಮಿಕ್ಸಿ ಹಾಕಿರಲಿಲ್ಲ

ನಮ್ಮ ಶಾಲೆಯ ಸೋಲಾರ್ ಇನ್ವರ್ಟರ್ ಸುಟ್ಟಿದ್ದು ನನ್ನಿಂದ. ಅಡುಗೆಯ ಜಯಮ್ಮನಿಂದ ಅಲ್ಲ. ಇಷ್ಟು ಹೇಳುವುದಕ್ಕೆ ನನಗೆ ವರ್ಷಗಳೇ ಬೇಕಾದವು.

ಆಗ ನಾನು ಮೂಗೂರಿನ ಆಚೆಗಿನ ಹಳ್ಳಿಯೊಂದರ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ನರಸೀಪುರದಲ್ಲಿ ಒಂದು ಬಾಡಿಗೆ ಕೋಣೆ. ಬೆಳಗಿನ ಮೊದಲ ಬಸ್ಸಿಗೇ ಬಂದುಬಿಡುತ್ತಿದ್ದೆ — ಖಾಲಿ ಕೋಣೆಗಿಂತ ಖಾಲಿ ಶಾಲೆ ವಾಸಿ ಅನ್ನಿಸುತ್ತಿತ್ತು. ಅಷ್ಟು ಹೊತ್ತಿಗೆ ಅಲ್ಲಿರುತ್ತಿದ್ದವರು ಬಿಸಿಯೂಟ ಮಾಡುವ ಜಯಮ್ಮ ಮಾತ್ರ. "ತಿಂಡಿ ಆಯ್ತಾ ಮೇಡಮ್ಮೋರೇ?" ಎನ್ನುತ್ತಿದ್ದರು. ನನ್ನನ್ನು ಹಾಗೆ ಕೇಳುವವರು ಬೇರೆ ಯಾರೂ ಇರಲಿಲ್ಲ.

ಚಾವಣಿಯ ಮೇಲೆ ಸೋಲಾರ್ ಪ್ಯಾನೆಲ್ ಬಂದದ್ದು ಮಕ್ಕಳಿಗೆ ದೊಡ್ಡ ಸಂಭ್ರಮ. ಕರೆಂಟು ಹೋದರೂ ಪಾಠದ ಟಿವಿ ನಡೆಯುತ್ತಿತ್ತು. ಬಿಸಿಲು ಹೇಗೆ ಕರೆಂಟಾಗುತ್ತದೆ, ಇನ್ವರ್ಟರ್ ಎಷ್ಟು ಲೋಡು ತಾಳುತ್ತದೆ — ಪಾಠ ಮಾಡುತ್ತಿದ್ದವಳು ನಾನೇ. ಲೈಟು, ಫ್ಯಾನು, ಟಿವಿ ಬಿಟ್ಟು ಬೇರೇನೂ ಹಾಕಕೂಡದೆಂದು ಗೋಡೆಯ ಮೇಲೆ ಬರೆಸಿದ್ದವಳೂ ನಾನೇ. "ಸಾರಿನ್ ಖಾರಕ್ಕೆ ಮಿಕ್ಸಿ ಆಕ್ಕೊಳ್ಳಾ ಮೇಡಮ್ಮೋರೇ? ರುಬ್ಬಿ ರುಬ್ಬಿ ರಟ್ಟೆ ಬಿದ್ದೋಯ್ತದೆ" ಎಂದು ಜಯಮ್ಮ ಒಮ್ಮೆ ಕೇಳಿದ್ದರು. ಬೇಡ ಎಂದೆ. ಮತ್ತೆ ಕೇಳಲಿಲ್ಲ; ಒರಳಿನಲ್ಲೇ ರುಬ್ಬಿಕೊಂಡರು.

ಒಂದು ಬೆಳಿಗ್ಗೆ ನನಗೆ ಜ್ವರ. ಕರೆಂಟು ಇರಲಿಲ್ಲ. ಜಯಮ್ಮ ನೀರಿಗೆ ಹೋಗಿದ್ದರು. ನನ್ನ ಬ್ಯಾಗಿನಲ್ಲಿದ್ದ ಕೆಟಲ್ ತೆಗೆದು ಸೋಲಾರ್ ಪ್ಲಗ್ಗಿಗೆ ಹಾಕಿದೆ. ಒಂದು ಲೋಟ ಬಿಸಿನೀರಿಗೆ ಏನಾಗುತ್ತದೆ ಅಂದುಕೊಂಡು — ಅಲ್ಲ, ಏನಾಗುತ್ತದೆಂದು ನನಗೆ ಗೊತ್ತಿತ್ತು. ಇನ್ವರ್ಟರ್ ಕೀರಲು ದನಿ ತೆಗೆಯಿತು, ಆಮೇಲೆ ಹೊಗೆ. ಕೆಟಲ್ಲನ್ನು ಬ್ಯಾಗಿಗೆ ತುರುಕಿ ಅಂಗಳಕ್ಕೆ ಬಂದು ನಿಂತೆ.

ಹೆಡ್‌ಮಾಸ್ಟರು ಬಂದರು, ಶಾಲಾ ಸಮಿತಿಯವರೂ ಬಂದರು. ಜಯಮ್ಮನ ಕೈಯಡುಗೆ ನಮ್ಮ ಮಕ್ಕಳಿಗೆ ಬೇಡ ಎಂದು ಮೊದಲಿಂದಲೂ ಗೊಣಗುತ್ತಿದ್ದವರು ಆ ಸಮಿತಿಯಲ್ಲಿದ್ದರು. ಜಯಮ್ಮ ಯಾವ ಕೇರಿಯವರು ಎಂಬುದೇ ಅವರ ತಕರಾರು.

"ಇದ್ಕೆ ಏನಾರಾ ಆಕಿದ್ರಾ ಮೇಡಂ?" ಎಂದು ಒಬ್ಬರು ನನ್ನನ್ನು ಕೇಳಿದರು.

"ನಂಗೊತ್ತಿಲ್ಲ" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಜಯಮ್ಮ ಒಂದ್ಸಲ ಮಿಕ್ಸಿ ಹಾಕ್ಕೊಳ್ಳಾ ಅಂತ ಕೇಳಿದ್ರು."

ಮೊದಲನೆಯದು ಸುಳ್ಳು, ಎರಡನೆಯದು ನಿಜ. ಅವರ ಕೆಲಸ ಕಳೆದದ್ದು ಆ ನಿಜ.

ನೀರು ತಂದ ಜಯಮ್ಮ ಬಾಗಿಲಲ್ಲೇ ನಿಂತಿದ್ದರು. "ನಾನ್ ಮುಟ್ಟಿಲ್ಲ ಸಾ" ಎಂದರು. ಹೇಳಿದ್ದು ಹೆಡ್‌ಮಾಸ್ಟರಿಗೆ, ನೋಡಿದ್ದು ನನ್ನನ್ನು. ನಾನು ತಲೆ ತಗ್ಗಿಸಿದೆ. ಮುಂದಿನ ವಾರ ಅಡುಗೆಗೆ ಬೇರೆಯವರು ಬಂದರು. ಇನ್ವರ್ಟರೂ ರಿಪೇರಿಯಾಗಿ ಬಂತು. ನಾನು ಅದೇ ಪಾಠ ಮಾಡಿದೆ, ಅದೇ ಗೋಡೆಬರಹ ತೋರಿಸಿ. ಮೊದಲ ಬಸ್ಸಿಗೆ ಹೋಗುವುದನ್ನು ಮಾತ್ರ ಬಿಟ್ಟೆ. ಯಾರೂ ಮಾತಾಡಿಸದ ಆ ಬೆಳಗು ನನ್ನಿಂದ ತಾಳಲಾಗುತ್ತಿರಲಿಲ್ಲ — ಅದೂ ನಾನೇ ಮಾಡಿಕೊಂಡದ್ದಲ್ಲವೆ.

ಹೋದ ತಿಂಗಳು ಜಯಮ್ಮನ ಮನೆಗೆ ಹೋದೆ. ಈಗ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಗುಡಿಸುವ ಕೆಲಸವಂತೆ. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಕೂರಲೂ ಹೇಳಲಿಲ್ಲ.

"ನಾನ್ ಮಾಡಿಲ್ಲ ಅಂತ ನಂಗೊತ್ತಿಲ್ವಾ? ನಂಗ್ಯಾಕೆ ಏಳೀರಿ? ಅಲ್ಲೋಗಿ ಏಳಿ" ಎಂದು ಒಳಗೆ ಹೋದರು.

ಅದೇ ಶಾಲೆಯ ಪೋಷಕರ ಸಭೆಯಲ್ಲಿ ಎದ್ದು ನಿಂತು ಹೇಳಿದೆ. "ಬುಡಿ ಮೇಡಂ, ಅಳೇ ಕತೆ" ಎಂದರು ಯಾರೋ. ಬಿಡಲಿಲ್ಲ. ಜಯಮ್ಮನ ಹೆಸರು ಹಿಡಿದು ಇನ್ನೊಮ್ಮೆ ಹೇಳಿದೆ. ಕೆಲವರು ಎದ್ದು ಹೋದರು. ಸಭೆ ಮುಗಿದ ಮೇಲೆ ಬಸ್ ಸ್ಟಾಪಿನವರೆಗೂ ನನ್ನ ಜೊತೆಗೆ ಯಾರೂ ಬರಲಿಲ್ಲ.

ಸಭೆಯಲ್ಲಿ ಹೇಳಿದೆನೆಂದು ಜಯಮ್ಮನಿಗೆ ತಿಳಿಸಲು ನಾನು ಹೋಗಿಲ್ಲ. ಹೋದರೆ ಭೇಷ್ ಅನ್ನಿಸಿಕೊಳ್ಳಲು ಹೋದ ಹಾಗೆ. ಊರಿನವರ ಬಾಯಿಂದಲೇ ಅವರಿಗೆ ತಿಳಿಯಲಿ. ಊರಿನವರು ಸುಮ್ಮನೇ ಇದ್ದುಬಿಟ್ಟರೆ, ಮುಂದಿನ ಸಭೆಯಲ್ಲೂ ಹೇಳುತ್ತೇನೆ.