ಹಸೈನಾರರ ಹೊಟ್ಟೆ

ಕತಾರಿನ ದೋಹಾದಲ್ಲಿರುವ ನಮ್ಮ ಕರಾವಳಿಯವರ ನಡುವೆ ಹಸೈನಾರರಿಗಿಂತ ಅವರ ಹೊಟ್ಟೆಗೇ ಹೆಚ್ಚು ಹೆಸರು. ವಿಟ್ಲದ ಕಡೆಯವರು, ಲುಸೈಲಿನ ಒಂದು ಕಂಪೆನಿಯಲ್ಲಿ ಸ್ಟೋರ್ ನೋಡಿಕೊಳ್ಳುವವರು, ಮನೆ ಉಮ್ಮ್ ಸಲಾಲಿನಲ್ಲಿ. ಊರಿನವರ ಸ್ನೇಹಕೂಟದ ಯಾವ ಸಮಾರಂಭವೇ ಇರಲಿ, ಬಿರಿಯಾನಿಯ ದಮ್ ಒಡೆದು ಮುಚ್ಚಳ ತೆಗೆಯುವಾಗ ಪಾತ್ರೆಯ ಪಕ್ಕ ಹಸೈನಾರರೇ ನಿಲ್ಲಬೇಕು. ಮೊದಲ ತುತ್ತು ತಿಂದು ಅವರೊಂದು ಕುಶಾಲು ಹೇಳಬೇಕು. ಆಮೇಲೆಯೇ ಉಳಿದವರಿಗೆ ಬಡಿಸುವುದು.

ಅಂಥ ಮನುಷ್ಯನಿಗೆ ಒಂದು ದಿನ ಬಿರಿಯಾನಿ ರುಚಿಸಲಿಲ್ಲ. ಆಮೇಲೆ ಗಂಜಿಯೂ ರುಚಿಸಲಿಲ್ಲ. ನಿದ್ದೆ ಹಾರಿಹೋಯಿತು. ಬೆಳಗಾದರೆ ಎದೆಯ ಮೇಲೆ ಅಕ್ಕಿಮೂಟೆ ಇಟ್ಟ ಹಾಗೆ. ಕೆಲಸ ಮುಗಿಸಿ ಬಂದು ಬಿಲ್ಡಿಂಗಿನ ಕೆಳಗೆ ಕಾರು ನಿಲ್ಲಿಸಿದರೆ ಇಳಿಯಲಿಕ್ಕೇ ಮನಸ್ಸಿಲ್ಲ, ಸ್ಟಿಯರಿಂಗ್ ಹಿಡಿದು ಸುಮ್ಮನೆ ಕೂತಿರುವರು. ಯಾಕೆ ಹೀಗೆ ಎಂದು ತಾವೇ ಲೆಕ್ಕ ಹಾಕಿ ನೋಡಿದರು. ಸಂಬಳ ಸರಿಯಾಗಿ ಬರುತ್ತಿತ್ತು, ಮಗಳ ಮದುವೆ ಚೆನ್ನಾಗಿಯೇ ಆಗಿತ್ತು, ಶುಗರಿಲ್ಲ, ಬೀಪಿಯಿಲ್ಲ. ದುಃಖಪಡಲಿಕ್ಕೆ ಒಂದು ಮರ್ಯಾದಸ್ಥ ಕಾರಣವೂ ಇಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು.

ಕಾರಣ ಗೊತ್ತಿಲ್ಲದಿದ್ದದ್ದು ಅವರೊಬ್ಬರಿಗೇ. ಉಳಿದವರಿಗೆಲ್ಲ ಚೆನ್ನಾಗಿ ಗೊತ್ತಿತ್ತು! ಶುಕ್ರವಾರ ಸಂಜೆ ಸೂಕ್ ವಾಕಿಫ್ ಪೇಟೆಯಲ್ಲಿ ಕರಕ್ ಚಾ ಕುಡಿಯುವ ಗುಂಪಿಗೆ ಅವರು ಬರುವುದು ನಿಂತಾಗ, ಗುಟ್ಟಿನಲ್ಲಿ ಹೊಸ ಬಿಸಿನೆಸ್ ಶುರುಮಾಡಿದ್ದಾರೆ ಎಂದರು. ನಗುವುದು ನಿಂತಾಗ, ಮನೆಗೆ ಅಳಿಯ ಬಂದ ಮೇಲೆ ಗಾಂಭೀರ್ಯ ಬಂತು ಎಂದರು. ನಮಾಝ್ ಮುಗಿಸಿ ಕೈಯೆತ್ತಿ ದುಆ ಬೇಡುವಾಗ ಕಣ್ಣೀರು ಇಳಿದದ್ದನ್ನು ಕಂಡವರು, ಮಾಶಾ ಅಲ್ಲಾಹ್, ಈಮಾನ್ ಗಟ್ಟಿಯಾಯಿತು, ದೇವರ ಮೇಲಿನ ನಂಬಿಕೆ ಹೆಚ್ಚಿತು ಎಂದು ಕೊಂಡಾಡಿದರು. ಹೆಂಡತಿ ಶಾಹಿನಾ ದೃಷ್ಟಿಯಾಗಿದೆಯೆಂದು ಊರಿನಿಂದ ಮಂತ್ರಿಸಿದ ನೀರು ತರಿಸಿದಳು, ಮೆಂತೆ ಗಂಜಿ ಕಾಯಿಸಿದಳು, ಕೊನೆಗೆ ನಿಮಗೆ ಎಂತ ಕಡಿಮೆಯಾಗಿದೆ ಎಂದು ಬೈದೂ ನೋಡಿದಳು. ಮನಸ್ಸಿನ ಡಾಕ್ಟರ ಹತ್ತಿರ ಹೋಗುವ ಯೋಚನೆ ಹಸೈನಾರರಿಗೆ ಬಾರದೆ ಇರಲಿಲ್ಲ. ಆದರೆ ಅಲ್ಲಿಗೆ ಹೋಗುವುದು ಹುಚ್ಚರು, ಸುದ್ದಿ ಹಬ್ಬಿದರೆ ಕಂಪೆನಿಯವರು ಖಲಾಸ್ ಎಂದು ಊರಿಗೆ ಕಳಿಸುತ್ತಾರೆ, ಮಗಳ ಗಂಡನ ಮನೆಯವರು ಏನೆಂದಾರು ಎಂದೆಲ್ಲ ಹೆದರಿ ಬಾಯಿಗೆ ಬೀಗ ಹಾಕಿಕೊಂಡರು.

ಅಷ್ಟರಲ್ಲಿ ಸ್ನೇಹಕೂಟದ ಅಧ್ಯಕ್ಷ ಅಶ್ರಫನಿಗೆ ಸಮುದಾಯದ ಆರೋಗ್ಯದ ಚಿಂತೆ ಮತ್ತೆ ಹತ್ತಿತು. ಅವನ ಚಿಂತೆಯೆಂದರೆ ಬ್ಯಾನರು, ಶಾಲು, ಸ್ಮರಣಿಕೆ, ಮುಖ್ಯ ಅತಿಥಿ. ಹಿಂದಿನ ಚಳಿಗಾಲದ ಕೂಟದಲ್ಲಿ ಎಲ್ಲರ ತೂಕ ನೋಡಿಸಿದ್ದ, ಈ ಸಲ ಮತ್ತೆ ನೋಡಿಸಿದ. ಹೆಚ್ಚು ಇಳಿಸಿದವರಿಗೆ ಬಹುಮಾನ. ಶಾಹಿನಾಳ ಒತ್ತಾಯಕ್ಕೆ ಬಂದು ಮೂಲೆಯಲ್ಲಿ ಕೂತಿದ್ದ ಹಸೈನಾರರನ್ನೂ ಎಳೆದು ನಿಲ್ಲಿಸಿದರು. ಜಿಮ್ಮಿನಲ್ಲಿ ಬೆವರು ಹರಿಸಿದ ಹುಡುಗರನ್ನೆಲ್ಲ ಹಿಂದೆ ಹಾಕಿ, ಸ್ಪರ್ಧೆಯ ಗೊಡವೆಯೇ ಇಲ್ಲದ ಹಸೈನಾರರು ಫಸ್ಟ್ ಬಂದರು. ಬಹುಮಾನ ಏನು ಅಂತೀರಿ? ಪ್ರಾಯೋಜಕರ ಹೋಟೆಲಿನಲ್ಲಿ ಇಡೀ ಕುಟುಂಬಕ್ಕೆ ಹೊಟ್ಟೆ ಬಿರಿಯುವಷ್ಟು ಮಟನ್ ಊಟ!

ಶಾಲು ಹೊದಿಸಿದ ಅಶ್ರಫ್ ಮೈಕು ಕೈಗಿಟ್ಟು, ತೂಕ ಇಳಿಸಿದ ಗುಟ್ಟು ಹೇಳಬೇಕೆಂದ. ಥ್ಯಾಂಕ್ಸ್ ಹೇಳಿ ಇಳಿದುಬಿಡೋಣವೆಂದೇ ಹಸೈನಾರರು ಬಾಯಿ ತೆರೆದದ್ದು. ಆದರೆ ತಪ್ಪು ಕಾರಣಕ್ಕೇ ಆಗಲಿ, ಹೇಗೆ ಹೀಗಾಯಿತು ಎಂದು ಯಾರೋ ಮೊದಲ ಬಾರಿ ಕೇಳಿದ್ದರು.

"ಗುಟ್ಟು ಎಂತದೂ ಇಲ್ಲ," ಎಂದರು. "ಹಸಿವೆ ಆಗುವುದಿಲ್ಲ. ನಿದ್ದೆ ಬರುವುದಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟರೆ, ಯಾಕಾದರೂ ಬಿಟ್ಟೆ ಅಂತ ಆಗ್ತದೆ."

ಸಭೆ ಬಿದ್ದು ಬಿದ್ದು ನಕ್ಕಿತು. ಹಳೆಯ ಹಸೈನಾರ್ ವಾಪಸ್ ಬಂದರೆಂದು ಮುಂದಿನ ಸಾಲಿನವರು ಶಿಳ್ಳೆ ಹೊಡೆದರು. ರಾತ್ರಿಯೂಟ ಬಿಡಬೇಕು ಎಂಬುದೇ ಈ ಮಾತಿನ ಸಾರವೆಂದು ಅಶ್ರಫ್ ಸಭೆಗೆ ವಿವರಿಸಿದ. ಥೂ, ಕಿವಿಯಿದ್ದೂ ಕಿವುಡಾಗುವುದೆಂದರೆ ಇದೇ.

ನಗದೆ ಕೂತವಳು ಶಾಹಿನಾ ಒಬ್ಬಳೇ. ಕಾರು ಹತ್ತಿದ ಮೇಲೆ ಕೇಳಿದಳು.

"ಅಲ್ಲಿ ಹೇಳಿದ್ದು ತಮಾಷೆಗಾ?"

"ಅಲ್ಲ."

ಎಂತ ಕಡಿಮೆಯಾಗಿದೆ ಎಂದು ಈ ಸಲ ಅವಳು ಕೇಳಲಿಲ್ಲ. ಗಂಡನ ಕೈ ಹಿಡಿದು ಅತ್ತಳು. ಮರುದಿನ ರಜೆ ಹಾಕಿಸಿ ಹೆಲ್ತ್ ಸೆಂಟರಿಗೆ ಕರೆದೊಯ್ದಳು, ಅಲ್ಲಿಂದ ಮನಸ್ಸಿನ ಡಾಕ್ಟರ ಬಳಿಗೆ ಕಳಿಸಿದರು. ನಿದ್ದೆ, ಹಸಿವು, ಕೆಲಸದಲ್ಲಿ ಆಸಕ್ತಿ ಎಲ್ಲ ವಿಚಾರಿಸಿದ ಡಾಕ್ಟರು, ಸತ್ತರೇ ಒಳ್ಳೆಯದು ಅನ್ನಿಸಿದ್ದುಂಟೇ ಎಂದೂ ಕೇಳಿದರು. ಹಸೈನಾರರು ಹೆಂಡತಿಯ ಮುಖ ನೋಡಿ, ಒಮ್ಮೊಮ್ಮೆ ಎಂದರು. ಶಾಹಿನಾ ಕುರ್ಚಿಯನ್ನು ಗಂಡನ ಹತ್ತಿರಕ್ಕೆ ಎಳೆದುಕೊಂಡಳು. ಇದು ಖಿನ್ನತೆಯೆಂಬ ಕಾಯಿಲೆ, ಬರಲಿಕ್ಕೆ ದೊಡ್ಡ ಕಾರಣ ಬೇಕೆಂದೇನಿಲ್ಲ, ಚಿಕಿತ್ಸೆ ಇದೆ ಎಂದರು ಡಾಕ್ಟರು. ಕಾರಣ ಬೇಕಿಲ್ಲ ಎಂಬ ಮಾತಿಗೇ ಹಸೈನಾರರ ಅರ್ಧ ಹೊರೆ ಇಳಿಯಿತು.

ಉಳಿದರ್ಧ ಸುಲಭಕ್ಕೆ ಇಳಿಯಲಿಲ್ಲ. ಮಾತ್ರೆ ಹಿಡಿಯಲಿಕ್ಕೆ ವಾರಗಟ್ಟಲೆ ಬೇಕಾಯಿತು. ನಡುವೆ ಬಿಟ್ಟುಬಿಡುತ್ತೇನೆಂದು ಹಟ ಮಾಡಿದರು, ಶಾಹಿನಾ ಬಿಡಲಿಲ್ಲ. ಕಂಪೆನಿಯವರು ಊರಿಗೆ ಕಳಿಸಲೂ ಇಲ್ಲ. ಒಂದು ಮಧ್ಯಾಹ್ನ ಹಸೈನಾರರು ಮೀನುಸಾರಿಗೆ ಉಪ್ಪು ಕಡಿಮೆಯೆಂದು ಗೊಣಗಿದರು. ಮದುವೆಯಾದಾಗಿನಿಂದ ಆ ಗೊಣಗಾಟಕ್ಕೆ ರೇಗುತ್ತಿದ್ದ ಶಾಹಿನಾ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಳು.

ಮುಂದಿನ ಚಳಿಗಾಲದ ಕೂಟಕ್ಕೆ ಹೊಟ್ಟೆ ಯಜಮಾನರ ಸಮೇತ ಹಾಜರಾಯಿತು. ಈ ಸಲ ತೂಕದ ಬಹುಮಾನ ಅಧ್ಯಕ್ಷ ಅಶ್ರಫನಿಗೇ. ಭರ್ಜರಿ ಚಪ್ಪಾಳೆ. ಶಾಲು ಹೊದ್ದುಕೊಂಡೇ ಬಿರಿಯಾನಿ ಪಾತ್ರೆಯ ಹತ್ತಿರ ಬಂದು ಹಸೈನಾರರ ಹೊಟ್ಟೆ ತಟ್ಟಿದ.

"ಎಂತ ಹಸೈನಾರಾಕ, ಕಷ್ಟಪಟ್ಟು ಇಳಿಸಿದ್ದನ್ನೆಲ್ಲ ಹಾಳುಮಾಡಿಕೊಂಡ್ರಲ್ಲ."

"ನಾನು ಇಳಿಸಿದ್ದಲ್ಲ ಮಾರಾಯ, ಅದು ಡಿಪ್ರೆಶನ್. ಡಾಕ್ಟರ ಹತ್ತಿರ ಹೋಗಿ ಮದ್ದು ಮಾಡಿ ವಾಪಸ್ ತಂದದ್ದು ಈ ಹೊಟ್ಟೆ."

ಅಶ್ರಫ್ ಅಭ್ಯಾಸಬಲದಿಂದ ನಗಲು ಹೊರಟ. ನಗು ಅರ್ಧಕ್ಕೇ ನಿಂತಿತು. ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಆ ಡಾಕ್ಟ್ರು ಎಲ್ಲಿ ಸಿಗ್ತಾರೆ? ನನಗಲ್ಲ. ನನ್ನ ಒಬ್ಬ ಫ್ರೆಂಡಿಗೆ."

ಹಸೈನಾರರು ಅವನನ್ನು ಸರಿಯಾಗಿ ನೋಡಿದ್ದು ಆಗಲೇ. ಪ್ಯಾಂಟು ಸೊಂಟದಲ್ಲಿ ನೆರಿಗೆಗಟ್ಟಿತ್ತು. ಕಣ್ಣ ಕೆಳಗೆ ಕಪ್ಪು. ತಮ್ಮ ತುತ್ತಿಗಾಗಿ ಎಲ್ಲರೂ ಕಾಯುತ್ತಿದ್ದರೂ ಹಸೈನಾರರು ತಟ್ಟೆಯನ್ನು ಬದಿಗಿಟ್ಟರು.

"ನಾಳೆ ಬೆಳಿಗ್ಗೆ ರೆಡಿಯಾಗಿರು, ನಿನ್ನ ಮನೆಗೆ ಬರ್ತೇನೆ," ಎಂದರು. "ಆ ಫ್ರೆಂಡನ್ನು ನಾವಿಬ್ಬರೇ ಕರ್ಕೊಂಡು ಹೋಗುವ."

ಅಶ್ರಫ್ ಶಾಲು ತೆಗೆದು ಮಡಚಿ, ಎಷ್ಟು ಗಂಟೆಗೆ ಎಂದು ಕೇಳಿದ.