ಜನವರಿ ಹದಿನೇಳರ ಪದರ

ಮಾರ್ಗಿ ಹಾಲ್ವರ್ಸನ್ ವಾರಕ್ಕೆ ಐದು ದಿನ ಶಾಲೆಯ ಬಸ್ಸು ಓಡಿಸುತ್ತಾಳೆ. ಶನಿವಾರ ಬಂತೆಂದರೆ ಸಾಕು, ಕೂಟ್ನಿ ಬೆಟ್ಟ ಹತ್ತಿ, ಹಿಮ ಕುಸಿಯುತ್ತದೋ ಇಲ್ಲವೋ ನೋಡಲು ಸಲಿಕೆಯಿಂದ ಅಗೆಯುತ್ತಾಳೆ. ಮೂವತ್ತೊಂದು ಚಳಿಗಾಲದಿಂದ ಇದೇ ಹುಚ್ಚು! ಊರಿನ ಸ್ಕೀ ಮಂದಿಯೆಲ್ಲ ಮನೆ ಬಿಡುವ ಮುಂಚೆ ಕೇಳುವುದು ಒಂದೇ ಮಾತು, "ಮಾರ್ಗಿ ಏನಂದ್ಲು?"

ಇಲ್ಲಿ ಹಿಮದ ಕೆಟ್ಟ ಪದರಗಳಿಗೆ ಅವು ಹೂತುಹೋದ ತಾರೀಖೇ ಹೆಸರು. ಆ ವರ್ಷ ಎಲ್ಲರ ಬಾಯಲ್ಲೂ ಜನವರಿ ಹದಿನೇಳು. ಕೊರೆಯುವ ಚಳಿಗೆ ಹಿಮದ ಮೇಲೆ ಗರಿಯಂಥ ಹರಳುಗಳು ಎದ್ದಿದ್ದವು. ಆ ದಿನ ಹೊಸ ಹಿಮ ಬಿದ್ದು ಅವನ್ನು ಮುಚ್ಚಿಬಿಟ್ಟಿತು. ಮೇಲೆ ಎರಡು ಮೊಳ ಗಟ್ಟಿ ಹಿಮ, ಅಡಿಯಲ್ಲಿ ಗಾಜಿನ ಪುಡಿಯಂಥ ಪದರ; ಯಾವಾಗ ಜಾರುತ್ತದೋ ಹೇಳಲಾಗದು.

ಫೆಬ್ರವರಿಯ ಒಂದು ಬೆಳಿಗ್ಗೆ ಮಾರ್ಗಿ ಮಗಳು ಬ್ರಿನ್ ಜತೆ ದಿಣ್ಣೆ ಹತ್ತಿದಳು. ಎದುರಿಗೇ ಒಂದು ಗೀರೂ ಇಲ್ಲದ, ಬಟ್ಟಲಿನಂಥ ದೊಡ್ಡ ಇಳಿಜಾರು. ಇಪ್ಪತ್ತೆರಡರ ಬ್ರಿನ್ ಅದನ್ನು ಇಳಿಯಲು ಮೂರು ವರ್ಷದಿಂದ ಕಾದಿದ್ದಳು. ಗುಂಡಿ ತೋಡಿದ್ದೂ ಅವಳೇ, ಗಾಳಿಗೆ ಮರೆಯಾಗಲಿ ಎಂದು ಫರ್ ಮರದ ಬುಡದಲ್ಲಿ. ಹಿಮವನ್ನು ಕಂಬದ ಹಾಗೆ ಕೊಯ್ದು, ಒಳಗಿನ ಪದರ ಜಾರುತ್ತದಾ ಎಂದು ಮೇಲೆ ಸಲಿಕೆ ಇಟ್ಟು ತಟ್ಟಿದಳು. ಮಣಿಕಟ್ಟಿನಿಂದ ಹತ್ತು ಏಟು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು.

"ಮೂವತ್ತು! ಬಿರುಕೇ ಇಲ್ಲ! ನಡಿ ಅಮ್ಮ, ಹೋಗೋಣ!"

"ತಲೆ ಎತ್ತಿ ನೋಡೇ, ಮಹಾರಾಣಿ."

ಕೊಂಬೆಗಳ ಮೇಲೆ ಚೂರೂ ಹಿಮ ಇರಲಿಲ್ಲ. ಹರಳು ಇನ್ನೂ ಮೇಲೆ ಇದ್ದಾಗಲೇ ಕೊಂಬೆಯ ಹಿಮ ದಪದಪ ಬಿದ್ದು ಅಲ್ಲಿನ ಪದರವನ್ನು ಜಜ್ಜಿಹಾಕಿತ್ತು. ಮರದ ಬುಡ ಗಟ್ಟಿ ಎಂದರೆ ಬಟ್ಟಲೂ ಗಟ್ಟಿ ಎಂದೇನಲ್ಲ.

"ಬೆಚ್ಚಗಿರೋ ಜಾಗ ಹುಡುಕ್ಕೊಂಡು ತೋಡಿದ್ದೀಯ ನೀನು."

"ಬಸ್ಸಲ್ಲಿ ಮಕ್ಕಳಿಗೂ ಹಿಂಗೇ ಕಾಟ ಕೊಡ್ತೀಯಾ?"

"ಬಸ್ಸಲ್ಲಿ ಯಾರೂ ಎದುರು ಮಾತಾಡಲ್ಲ. ತೋಡು, ಇನ್ನೊಂದು."

ಮರದಿಂದಾಚೆ, ಬಯಲಲ್ಲಿ ಎರಡನೇ ಗುಂಡಿ. ಮಣಿಕಟ್ಟಿನಿಂದ ಹತ್ತು. ಮೊಣಕೈಯಿಂದ ಒಂದು, ಎರಡು, ಟಪ್! ಕಂಬದ ಮೇಲರ್ಧ ಮೇಜಿನ ಡ್ರಾಯರ್ ಎಳೆದಷ್ಟು ನುಣ್ಣಗೆ ಜಾರಿ ಬ್ರಿನ್ ಮಡಿಲಿಗೇ ಬಿತ್ತು.

"ಮೂರು ವರ್ಷ, ಅಮ್ಮಾ..."

"ಗೊತ್ತು ಪುಟ್ಟ. ನಂಗೇನು ಆಸೆ ಇಲ್ವಾ? ಕಾಡಿನ ಕಡೆ ಇಳಿಯೋಣ, ಅಲ್ಲಿ ಇಳಿಜಾರು ಅಷ್ಟು ಕಡಿದಾಗಿಲ್ಲ."

ದಿಣ್ಣೆಯ ಬೆನ್ನ ಮೇಲೆ ನೂರು ಗಜ ಹೋಗಿರಲಿಲ್ಲ, ಕಾಲಡಿ 'ಹುಂಫ್' ಎಂದು ಬೆಟ್ಟವೇ ಉಸಿರು ಬಿಟ್ಟಂತಾಯಿತು. ಬಟ್ಟಲಿನ ನೆತ್ತಿಯಲ್ಲಿ ನೀಲಿ ಬಿರುಕೊಂದು ಸರ್ರನೆ ಓಡಿತು. ಮರುಕ್ಷಣ ಇಡೀ ಇಳಿಜಾರು ಚಪ್ಪಡಿ ಚಪ್ಪಡಿಯಾಗಿ ಒಡೆದು, ಗುಡುಗುತ್ತಾ ಕೆಳಗೆ ಹೋಯಿತು. ಕಣಿವೆ ತುಂಬ ಬಿಳಿ ಧೂಳು.

"ಅಮ್ಮಾ! ನಾವು ನಡೆದಿದ್ದಕ್ಕೇ ಬಿತ್ತಾ? ಇಷ್ಟು ದೂರದಿಂದ?"

"ನಾವು ನಡೆದಿದ್ದಕ್ಕೇ!" ಮಾರ್ಗಿಯ ಕಣ್ಣುಗಳು ಮಿನುಗುತ್ತಿದ್ದವು. "ನೋಡಿದ್ಯಾ ಅದರ ಗತ್ತು!"

ಬ್ರಿನ್ ಅವಳನ್ನು ಗಟ್ಟಿಯಾಗಿ ತಬ್ಬಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಮೂಗೊರೆಸಿಕೊಂಡು ಕೇಳಿದಳು, "ಈಗ ಖಾಲಿ ಆಯ್ತಲ್ಲ, ಇಳೀಬಹುದಾ?"

ಮಾರ್ಗಿ ಒಂದು ಹಿಡಿ ಹಿಮ ತೆಗೆದು ಅವಳ ಕೊರಳಪಟ್ಟಿಯೊಳಗೆ ತುರುಕಿದಳು. ಕಿರುಚುತ್ತಾ, ನಗುತ್ತಾ ಬ್ರಿನ್ ಕಾಡಿನ ಕಡೆ ಜಾರಿದಳು.